ಮಡಚಿದ ಟೇಪಿನ ತುದಿ

ಕರೆಂಟ್ ಮೇಷ್ಟ್ರು ಎಂದೇ ಎಲ್ಲರೂ ಕರೆಯುವ ನಾನು, ವಯಸ್ಸು 61 ವರ್ಷ, ಉದ್ಯೋಗ ಬೈಕುಗಳ ವೈರಿಂಗ್ ರಿಪೇರಿ, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯ ಕೊನೆಯ ಅಂಗಡಿಯ ಮಹಡಿ, ತಾವು ಕೇಳಿದ್ದನ್ನೂ ಕೇಳದಿದ್ದನ್ನೂ ಸೇರಿಸಿ ಈ ಮೂಲಕ ತಿಳಿಸುವುದೇನೆಂದರೆ, ನನ್ನ ಬೈಕು ಕಳವಾಗಿದೆ ಎಂದು ಇಂದು ಬೆಳಿಗ್ಗೆ 10.20ಕ್ಕೆ ನಾನು ಕೊಟ್ಟ ದೂರು ಸುಳ್ಳು. ಬೈಕು ಒಯ್ದವಳು ನನ್ನ ಮಗಳು. ಗುಜರಿಯಿಂದ ತಂದು, ಎರಡು ವರ್ಷ ಕೂತು ಅದನ್ನು ಓಡುವಂತೆ ಮಾಡಿದವಳೂ ಅವಳೇ. ಕಾಗದ ಮಾತ್ರ ನನ್ನ ಹೆಸರಿನಲ್ಲಿದೆ.

ಅವಳಿಗೆ 62 ಕಿಲೋಮೀಟರ್ ದೂರದ ರೈಲ್ವೆ ಶೆಡ್ಡಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಸಿಕ್ಕಿತ್ತು. ಇಂದು ಮಧ್ಯಾಹ್ನ 12ರೊಳಗೆ ಹಾಜರಾಗದಿದ್ದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ ಎಂದು ಪತ್ರದಲ್ಲಿತ್ತು. ಪತ್ರವನ್ನು ಅವಳೇ ನನಗೆ ಓದಿ ಹೇಳಿದಳು. ಮೂರು ವರ್ಷದಿಂದ ನನ್ನ ಕಣ್ಣು ಮಂಜಾಗಿದೆ. ಕಪ್ಪು ವೈರು ಯಾವುದು, ಕಂದು ಯಾವುದು ಎಂದು ಅವಳೇ ಹೇಳಬೇಕು. ಇದು ಗಿರಾಕಿಗಳಿಗೆ ಗೊತ್ತಿಲ್ಲ. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಿನ್ನಿಷ್ಟ ಎಂದೆ.

ಇಂದು ಬೆಳಿಗ್ಗೆ 6ಕ್ಕೆ ಅವಳು ಸ್ನಾನಕ್ಕೆ ಹೋದಾಗ ಬೈಕಿನ ಸೀಟು ತೆಗೆದು, ಬ್ಯಾಟರಿಯಿಂದ ಬೈಕಿನ ಚೌಕಟ್ಟಿಗೆ ಹೋಗುವ ಅರ್ತ್ ವೈರನ್ನು ಬಿಚ್ಚಿದೆ. ಅದಿಲ್ಲದೆ ಬೈಕಿನಲ್ಲಿ ಕರೆಂಟೇ ಹರಿಯುವುದಿಲ್ಲ. ವೈರಿನ ತುದಿಯನ್ನು ಬರಿದಾಗಿ ಬಿಟ್ಟು ನನಗೆ ಅಭ್ಯಾಸವಿಲ್ಲ. ಟೇಪು ಸುತ್ತಿ ಬ್ಯಾಟರಿ ಡಬ್ಬಿಯ ಹಿಂದೆ ತುರುಕಿದೆ. ಕಳ್ಳ ಕೆಲಸದಲ್ಲೂ ಕೈ ತನ್ನ ಪಾಠ ಬಿಡಲಿಲ್ಲ.

9.15ಕ್ಕೆ ಅವಳು ಕೀಲಿ ತಿರುಗಿಸಿದಳು. ದೀಪ ಹತ್ತಲಿಲ್ಲ, ಹಾರನ್ ಕೂಗಲಿಲ್ಲ. ಕರೆಂಟು ಎಲ್ಲಿವರೆಗೆ ಬರ್ತಿದೆ ನೋಡೋಣ, ಸ್ವಲ್ಪ ಟೆಸ್ಟ್ ಬಲ್ಬು ಹಿಡ್ಕೊ ಅಪ್ಪಾ ಎಂದಳು. ಹಿಡಿದೆ. ಬ್ಯಾಟರಿಗೆ ಮುಟ್ಟಿಸಿದಾಗ ಬಲ್ಬು ಹತ್ತಿತು. ಫ್ಯೂಸು ನೆಟ್ಟಗಿತ್ತು. ಕೀಲಿಯ ಸ್ವಿಚ್ಚು ತುಕ್ಕು ಹಿಡಿದಿರಬೇಕು ಎಂದು ನಾನು ಬೇಕೆಂದೇ ದಾರಿ ತಪ್ಪಿಸಿದೆ. ನನ್ನ ಮಾತು ನಂಬಿ ಅದನ್ನು ಪೂರ್ತಿ ಬಿಚ್ಚಿ, ಉಜ್ಜಿ ಹಾಕಿದಳು. ಹೊಸ ಅಂಗಿಯ ತೋಳಿಗೆ ಗ್ರೀಸ್ ಆಯಿತು.

10ಕ್ಕೆ ಡಬ್ಬಿಯ ಹಿಂದೆ ಕೈ ಹಾಕಿ ವೈರನ್ನು ಎಳೆದಳು. ಟೇಪಿನ ಕೊನೆಯನ್ನು ಕಾಲು ಇಂಚು ಮಡಚುವುದು ನನ್ನ ಪದ್ಧತಿ, ಮುಂದೆ ಬಿಚ್ಚುವವರ ಉಗುರಿಗೆ ಸುಲಭವಾಗಲಿ ಎಂದು. ಈ ಊರಿನಲ್ಲಿ ಹಾಗೆ ಮಡಚುವವರು ನಾವಿಬ್ಬರೇ. ಅವಳು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಇದನ್ನ ಸುತ್ತಿದ್ದು ಯಾರು ಅಂತ ನಾನು ಕೇಳಲ್ಲ ಅಪ್ಪಾ ಎಂದಳು. ಟೇಪನ್ನು ನನ್ನ ಅಂಗೈಯಲ್ಲಿಟ್ಟು, ವೈರು ಬಿಗಿದು, 10.05ಕ್ಕೆ ಹೊರಟಳು.

ಬೈದಿದ್ದರೆ ಸಹಿಸುತ್ತಿದ್ದೆ. ಬೈಯಲಿಲ್ಲವೆಂದೇ ಹಟ ತಲೆಗೇರಿ, 600 ಮೀಟರ್ ನಡೆದು ಬಂದು ದೂರು ಬರೆಸಿದೆ. ನೀವು ತಡೆದು ವಾಪಸ್ ಕಳಿಸುತ್ತೀರಿ ಎಂದುಕೊಂಡಿದ್ದೆ, ಅಷ್ಟೇ. 10.50ಕ್ಕೆ, ಇಲ್ಲಿಂದ 31 ಕಿಲೋಮೀಟರ್ ದೂರದ ಚೆಕ್‌ಪೋಸ್ಟಿನಲ್ಲಿ ತಮ್ಮ ಸಿಬ್ಬಂದಿ ಅವಳನ್ನು ತಡೆದರು. ಪತ್ರ ತೋರಿಸಿ ಬೇಡಿಕೊಂಡಳಂತೆ. ದೂರು ಕೊಟ್ಟವನು ಅಪ್ಪ ಎಂದು ತಿಳಿದ ಮೇಲೆ ಕೀಲಿ ತೆಗೆದು ಅವರ ಕೈಗೆ ಕೊಟ್ಟಳಂತೆ. 12ಕ್ಕೆ ಅವಳು ಈ ಠಾಣೆಯ ಬೆಂಚಿನ ಮೇಲಿದ್ದಳು. ಬೆಂಚಿನ ಎದುರಿಗೇ ಗಡಿಯಾರವಿದೆ.

ಬೈಕನ್ನು ಅವಳಿಗೆ ಬಿಟ್ಟುಕೊಡಬೇಕೆಂದೂ, ತಡವಾದದ್ದು ಅವಳ ತಪ್ಪಿನಿಂದಲ್ಲವೆಂದು ಶೆಡ್ಡಿಗೆ ಬರೆದುಕೊಡಬೇಕೆಂದೂ, ನನ್ನ ಮೇಲೆ ಕ್ರಮ ಕೈಗೊಳ್ಳಬೇಕೆಂದೂ ಕೋರುತ್ತೇನೆ.

ನನಗೆ ಅಕ್ಷರ ಕಾಣದ ಕಾರಣ ಈ ಹೇಳಿಕೆಯನ್ನು ಮಗಳೇ ಓದಿ ಹೇಳಿದಳು. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ ಎಂಬಲ್ಲಿ ಓದುವುದನ್ನು ನಿಲ್ಲಿಸಿದಳು. ಬಾಯ್ಬಿಟ್ಟು ಹೇಳಿದ್ದಿದ್ರೆ ಉಳ್ಕೊಂಡೇ ಬಿಡ್ತಿದ್ದೆ ಅಪ್ಪಾ ಎಂದಳು. ಆ ಮಾತನ್ನೂ ಸೇರಿಸಿ ಬರೆಸಿದ್ದೇನೆ. ಇದರಲ್ಲಿರುವುದೆಲ್ಲ ನಿಜ. ಸಹಿಯ ಜಾಗಕ್ಕೆ ನನ್ನ ಕೈ ಹಿಡಿದು ಇಟ್ಟವಳೂ ಅವಳೇ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 14, ಮಧ್ಯಾಹ್ನ 2.40
ಸಹಿ/-