ತಾಡೋಲೆಗೆ ಹಚ್ಚಿದ ಕಾಡಿಗೆ

ನನ್ನ ಹೆಸರು ಕೊಟ್ರಬಸಮ್ಮ, ಗಂಡ ದಿವಂಗತ ಅಂದಾನಪ್ಪ, ವಯಸ್ಸು 67 ವರ್ಷ, ಮನೆಗೆಲಸ, ವಾಸ ಚಿತ್ತವಾಡ್ಗಿ, ಹೊಸಪೇಟೆ. ಠಾಣೆಯಲ್ಲಿ ವಿಚಾರಿಸಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ತವರು ಕಂಪ್ಲಿ. ಅಲ್ಲಿ ನಮ್ಮ ಮನೆಯಲ್ಲಿ ಒಂದು ತಾಡೋಲೆ ಕಟ್ಟು ಇತ್ತು. ಪ್ರತಿ ಮಹಾನವಮಿಗೆ ಅದನ್ನು ಬಿಚ್ಚಿ, ಹರಳೆಣ್ಣೆಯಲ್ಲಿ ಕಲಸಿದ ದೀಪದ ಕಾಡಿಗೆಯನ್ನು ಗರಿಗಳಿಗೆ ಸವರಿ ಒರೆಸುವುದು ಮನೆಯ ಹೆಣ್ಣುಮಕ್ಕಳ ಕೆಲಸ. ಕೊರೆದ ಗೆರೆಗಳಲ್ಲಿ ಮಸಿ ನಿಂತು ಬರಹ ಎದ್ದು ಕಾಣುತ್ತಿತ್ತು. ಆಮೇಲೆ ಅಪ್ಪ ಓದುತ್ತಿದ್ದರು. "ಕೊಟ್ರೀ, ಅಕ್ಷರ ಕಣ್ಣು ಬಿಟ್ವು ನೋಡವ್ವಾ" ಎಂದು ಅವರು ಅಂದರೆ ನನಗೆ ಹೋಳಿಗೆಯೂ ಬೇಡವಾಗುತ್ತಿತ್ತು. ಅಪ್ಪ ತೀರಿದ ಮೇಲೆ ಗೆದ್ದಲಿನ ಭಯಕ್ಕೆ ನಾನೂ ನನ್ನ ತಮ್ಮ ಈಶ್ವರನೂ ಮಾತಾಡಿಕೊಂಡು ಕಟ್ಟನ್ನು ಹೇಮಕೂಟ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಕೊಟ್ಟೆವು. ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ.

ನಾಳೆ ನವಮಿ, ಗ್ರಂಥಾಲಯಕ್ಕೆ ರಜೆ ಎಂದು ಈ ದಿನವೇ ಬೆಳಿಗ್ಗೆ 11 ಗಂಟೆಗೆ ಆಟೋದಲ್ಲಿ ಅಲ್ಲಿಗೆ ಹೋದೆ. ಹಸ್ತಪ್ರತಿ ಕೋಣೆಯ ತಾತ್ಕಾಲಿಕ ನೌಕರಳಾದ ಶೈಲಶ್ರೀ "ಬರ್ರಿ ಅಮ್ಮಾ, ಕುಂದ್ರಿ" ಎಂದು ಕೂರಿಸಿ, ಕಟ್ಟನ್ನು ತಂದು ಮೇಜಿನ ಮೇಲೆ ಬಿಚ್ಚಿದಳು. ಎಷ್ಟೋ ವರ್ಷದ ಮೇಲೆ ನೋಡಿದ್ದು, ಅಳು ತಡೆಯಲಾಗಲಿಲ್ಲ. ಬರಹ ಮಸುಕಾಗಿತ್ತು. ಕಣ್ಣೊರೆಸಿಕೊಂಡು ನೀರು ಕೇಳಿದೆ. ಬಂದವರನ್ನು ಒಬ್ಬರನ್ನೇ ಬಿಟ್ಟು ಹೋಗಬಾರದೆಂಬ ನಿಯಮ ಅಲ್ಲಿದೆಯಂತೆ. ಆದರೂ ಆಕೆ ಮುದುಕಿಯೆಂದು ಮರುಗಿ ನೀರಿಗೆ ಹೋದಳು.

ನಾನು ಮನೆಯಲ್ಲೇ ಮಾಡಿ ತಂದಿದ್ದ ಕಾಡಿಗೆ ಡಬ್ಬಿಯನ್ನು ಚೀಲದಿಂದ ತೆಗೆದೆ. ನಮ್ಮ ಕಟ್ಟಿಗೆ ನವಮಿ ಮಾಡಲು ಯಾವ ದೊಣ್ಣೆನಾಯಕನ ಅಪ್ಪಣೆ ಬೇಕು ಎಂದುಕೊಂಡೆ. ಮೊದಲ ಗರಿಗೆ ಸವರಿ ಸೆರಗಿನಿಂದ ಒರೆಸಿದೆ. ಎರಡು ಸಾಲು ಕಂಡವು. ಆಸೆಯಾಗಿ ಇನ್ನಷ್ಟು ಒತ್ತಿದೆ. ಗರಿಯ ತುದಿ ಪಟ್ಟನೆ ಮುರಿದು ಕೈಗೆ ಬಂತು. ಲೋಟ ಹಿಡಿದು ಬಂದ ಶೈಲಶ್ರೀ "ಅಯ್ಯೋ, ಏನ್ ಮಾಡಿದ್ರಿ ಅಮ್ಮಾ!" ಎಂದು ಲೋಟವನ್ನು ನೆಲಕ್ಕಿಟ್ಟು ಓಡಿ ಬಂದಳು.

ಗ್ರಂಥಪಾಲಕರಾದ ತಿಪ್ಪೇಶ್ ಬಂದು, ನಾಳೆಯಿಂದ ಕೆಲಸಕ್ಕೆ ಬರುವುದು ಬೇಡವೆಂದು ಆಕೆಗೆ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. "ಬೈಯೋದಿದ್ರ ನನ್ನ ಬೈಯ್ರಿ. ನೀರು ತಂದ್ಕೊಟ್ಟಾಕೀನ ಯಾಕ ಬೀದಿಗೆ ಹಾಕ್ತೀರಿ?" ಎಂದು ಕೂಗಿದೆ. ಅವರು ನನಗಿಂತ ಜೋರಾಗಿ ಕೂಗಿ ಠಾಣೆಗೆ ಫೋನ್ ಮಾಡಿದರು. ಅವರ ಸಂಕಟವೂ ಸುಳ್ಳಲ್ಲ, ಮುರಿದ ತುದಿಯನ್ನು ಗರಿಗೆ ಮತ್ತೆ ಮತ್ತೆ ಜೋಡಿಸಿ ನೋಡುತ್ತಿದ್ದರು.

ಠಾಣೆಯಲ್ಲಿ ತಿಪ್ಪೇಶ್ ಅವರು, ನಾನು ತಪ್ಪೊಪ್ಪಿಕೊಂಡು ಇನ್ನೆಂದೂ ಆ ಕೋಣೆಗೆ ಬರುವುದಿಲ್ಲವೆಂದು ಬರೆದುಕೊಟ್ಟರೆ ಆಕೆಯ ಕೆಲಸ ಉಳಿಸುವುದಾಗಿಯೂ ಕೇಸು ಬೇಡವೆಂದೂ ತಿಳಿಸಿದರು. ವರ್ಷಕ್ಕೊಮ್ಮೆ ಬಾಗಿಲಾಚೆ ನಿಂತು ನೋಡಬಹುದೇ ಎಂದು ಕೇಳಿದೆ. ಆಗುವುದಿಲ್ಲವೆಂದರು. ಶೈಲಶ್ರೀ ಅಳುತ್ತ "ಬ್ಯಾಡ್ರಿ ಅಮ್ಮಾ, ಸಹಿ ಮಾಡಬ್ಯಾಡ್ರಿ" ಎಂದಳು. ಅವಳ ಮಾತನ್ನು ಯಾರೂ ಲೆಕ್ಕಕ್ಕೆ ಹಿಡಿಯಬಾರದು. ಅವಳಿಗಿನ್ನೂ ಬದುಕು ಮುಂದಿದೆ.

ಆದ್ದರಿಂದ ಬರೆದುಕೊಡುವುದೇನೆಂದರೆ, ಆ ಹುಡುಗಿಯದು ಏನೂ ತಪ್ಪಿಲ್ಲ. ಗರಿ ಮುರಿದವಳು ನಾನು. ಇನ್ನೆಂದೂ ಆ ಕೋಣೆಗೆ ಹೋಗುವುದಿಲ್ಲ, ನಮ್ಮ ಅಪ್ಪ ಓದುತ್ತಿದ್ದ ಕಟ್ಟನ್ನು ನೋಡುವುದಿಲ್ಲ.

ಮೇಲಿನದೆಲ್ಲ ನಾನೇ ಹೇಳಿ ಬರೆಯಿಸಿದ್ದು, ಎಲ್ಲವೂ ನಿಜ, ಓದಿಸಿ ಕೇಳಿದ್ದೇನೆ. ಕಟ್ಟನ್ನು ನೋಡುವುದಿಲ್ಲವೆಂಬ ಕೊನೆಯ ಸಾಲೊಂದನ್ನು ಮಾತ್ರ ಓದಿ ಹೇಳುವುದು ಬೇಡವೆಂದಿದ್ದೇನೆ.

ಸ್ಥಳ: ಹೊಸಪೇಟೆ
ದಿನಾಂಕ: 30-09-2025
(ಸಹಿ) ಕೊಟ್ರಬಸಮ್ಮ