ಕೋಳಿಯ ಎದೆಮೂಳೆ ಮತ್ತು ನಮ್ಮಮ್ಮನ ಮಂಡಿ

ಅಧ್ಯಕ್ಷತೆ ವಹಿಸಿರುವ ಪಾದ್ರಿ ಲುಂಡೀನ್ ಅವರೇ, ಇಂದು ನಮ್ಮ ಕಂಪನಿಯನ್ನು ಬಿಟ್ಟುಹೋಗುತ್ತಿರುವ ಡಾಕ್ಟರ್ ಸೋಲ್ವೆಗ್ ಅವರೇ, ಮುಂದಿನ ಸಾಲಿನಲ್ಲಿರುವ ನನ್ನ ತಾಯಿ ಆರ್ಡಿಸ್ ಅವರೇ, ಮಿನಿಸೋಟದ ಈ ಚಳಿಯಲ್ಲೂ ಮಂಡಿ ಮಡಚಿ ಕುಳಿತಿರುವ ಧೀರ ಸಭಿಕರೇ,

ಡಾಕ್ಟರ್ ಸೋಲ್ವೆಗ್ ಸ್ವಂತ ಇಚ್ಛೆಯಿಂದ ಹೋಗುತ್ತಿದ್ದಾರೆ. ಈ ಮಾತನ್ನು ಮೊದಲೇ ಹೇಳಿಬಿಡಿ ಎಂದು ನಮ್ಮ ವಕೀಲರ ಸಲಹೆ. ಹೇಳಿದ್ದೇನೆ.

ಕೋಳಿಯ ಎದೆಮೂಳೆಯ ತುದಿಯಲ್ಲಿ ಒಂದು ಮೆತ್ತನೆಯ ಎಲುಬಿದೆ. ಜಗತ್ತು ಅದನ್ನು ನಾಯಿಗೆ ಎಸೆಯುತ್ತಿತ್ತು. ನಾನು ಪುಡಿ ಮಾಡಿ ಮಂಡಿನೋವಿಗೆ ಗುಳಿಗೆ ಮಾಡಿದೆ. ಯಾವ ನಾಯಿಯಾದರೂ ಮಂಡಿನೋವೆಂದು ದೂರಿದ್ದುಂಟೆ? ವಿಜ್ಞಾನಕ್ಕೆ ಇನ್ನೇನು ಬೇಕು? ಆದರೂ ಜನ ಪುರಾವೆ ಕೇಳಿದರು. ಅದಕ್ಕೆಂದೇ ಈ ಡಾಕ್ಟರನ್ನು ಕರೆತಂದೆ.

ಇವರು ಊರಿನ ಮಂಡಿನೋವಿನವರನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ನಮ್ಮ ಗುಳಿಗೆ, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ ಅಕ್ಕಿಹಿಟ್ಟಿನ ಗುಳಿಗೆ. ಯಾರಿಗೆ ಯಾವುದು ಎಂಬುದು ಕೊನೆಯವರೆಗೂ ಗುಟ್ಟು, ಮಾಲೀಕನಾದ ನನಗೂ! ಎಲ್ಲರೂ ದಿನವೂ ಕೆರೆಯ ಸುತ್ತ ನಡೆಯಬೇಕೆಂಬ ಷರತ್ತು ಬೇರೆ.

ನನ್ನ ತಾಯಿಯೂ ಸೇರಿದರು. ಅಪ್ಪ ತೀರಿಕೊಂಡ ಮೇಲೆ ಕಿಟಕಿಯ ಬಳಿಯ ಕುರ್ಚಿ ಬಿಟ್ಟು ಏಳದಿದ್ದವರು, ಬೇಸಿಗೆ ಮುಗಿಯುವಷ್ಟರಲ್ಲಿ ಇದೇ ಚರ್ಚಿನ ಹಾಲ್‌ನಲ್ಲಿ ಪೋಲ್ಕಾ ಎಂಬ ಜೋಡಿ ಕುಣಿತ ಕುಣಿದರು! ನಾನು ಅತ್ತುಬಿಟ್ಟೆ. ಅತ್ತು ಮುಗಿದ ಕೂಡಲೇ ಅವರ ಚಿತ್ರವನ್ನು ಗುಳಿಗೆ ಡಬ್ಬಿಯ ಮೇಲೆ ಅಚ್ಚು ಹಾಕಿಸಿದೆ.

ಆಮೇಲೆ ಫಲಿತಾಂಶ ಬಂತು. ಎರಡೂ ಗುಂಪಿಗೆ ನೋವು ಒಂದೇ ಸಮ ಇಳಿದಿತ್ತು. ಅಮ್ಮ ನುಂಗಿದ್ದು ಅಕ್ಕಿಹಿಟ್ಟು.

"ಸೋಲ್ವೆಗ್, ಅಮ್ಮ ಒಬ್ರನ್ನ ನಮ್ಮ ಗುಳಿಗೆ ಗುಂಪಿಗೆ ಹಾಕ್ಬಿಡಿ" ಎಂದು ವಿನಯದಿಂದಲೇ ಕೇಳಿದೆ.

"ಅವರೇನು ಕುರ್ಚಿನಾ ಡ್ವೇನ್, ಎಳೆದು ಆ ಕಡೆ ಹಾಕೋಕೆ?" ಎಂದರು. ಎಂಥ ಹಾಸ್ಯಪ್ರಜ್ಞೆ! ಅದನ್ನೇ ನಾವು ಇಂದು ಕಳೆದುಕೊಳ್ಳುತ್ತಿದ್ದೇವೆ.

ಅಮ್ಮನೂ ಕಡಿಮೆಯವರಲ್ಲ. "ವಾಸಿ ಮಾಡಿದ್ದು ಆ ನಡಿಗೆ ಕಣೋ, ಜೊತೆಗೆ ಬರ್ತಿದ್ದ ಹೆಂಗಸರ ಹರಟೆ. ಡಬ್ಬಿಯಿಂದ ನನ್ನ ಮುಖ ತೆಗಿ. ನೀನೇ ಆಗಾಗ ಬಂದು ಒಂದು ಸುತ್ತು ನಡೆಸಿದ್ರೆ ಎಂದೋ ವಾಸಿಯಾಗ್ತಿತ್ತು" ಎಂದರು. ತಾಯಂದಿರಿಗೆ ಮಾರುಕಟ್ಟೆ ಅರ್ಥವಾಗುತ್ತದೆಯೇ? ನನಗೆ ಬಿಡುವಾದರೂ ಎಲ್ಲಿತ್ತು? ದೇಶದ ಅಮ್ಮಂದಿರ ಮಂಡಿಯ ಚಿಂತೆಯಲ್ಲಿದ್ದೆ.

ಈಗ ಡಾಕ್ಟರಿಗೆ ಈ ನೆನಪಿನ ಫಲಕ... ಅರೆ, ಡಾಕ್ಟರ್, ಫಲಕ ಇಲ್ಲಿದೆ! ಅಮ್ಮಾ, ನೀನೆಲ್ಲಿಗೆ? ಊಟ ಇನ್ನೂ ಬಡಿಸಿಲ್ಲ!

ಸಭಿಕರೇ, ದಯವಿಟ್ಟು ಗಮನಿಸಿ. ಇಬ್ಬರೂ ಕೈ ಹಿಡಿದುಕೊಂಡು ಎಷ್ಟು ಬಿರಬಿರನೆ ಹೊರಟುಹೋದರು! ಆ ಮಂಡಿಗಳನ್ನು ಕಂಡಿರಲ್ಲ? ಡಬ್ಬಿಗಳು ಬಾಗಿಲ ಬಳಿಯೇ ಇವೆ. ಇಷ್ಟು ಹೊತ್ತು ಎದ್ದುಹೋಗದೆ ಕುಳಿತ ಉಳಿದವರಿಗೆಲ್ಲ ನನ್ನ ಧನ್ಯವಾದ, ನಮಸ್ಕಾರ.