ಉಪೇಕ್ಷೆಗೊಂದು ಕೆಂಪು ಗೆರೆ

…ಮಾರ್ಚ್ ಹನ್ನೊಂದು, ಮಂಗಳವಾರ. ಮೋಡ ಇದೆ, ಗಾಳಿ ಇಲ್ಲ, ಮಳೆ ಬರೋ ಹಾಗೂ ಇಲ್ಲ. ಆಯ್ತಾ? ದಿನಾ ಬೆಳಿಗ್ಗೆ ತಾರೀಖು, ಹವೆ ಎರಡನ್ನೂ ನಿನಗೆ ಹೇಳ್ಬೇಕು ಅಂದಿದಾಳಲ್ಲ ಆ ಮಾತು ಕಲಿಸೋ ಹುಡುಗಿ, ಹೇಳಿದೀನಿ. ಈಗ ನೀನು ಹೇಳು ನೋಡೋಣ. ಮಂ… ಮಂಗಳ… ಬೇಡ, ಬಿಡು. ಮುಖ ಆ ಕಡೆ ತಿರುಗಿಸ್ಬೇಡ ಕಣೆ. ಲಕ್ವ ಹೊಡೆದು ನೀನು ಬಿದ್ದು ಮೂರು ತಿಂಗಳಾಯ್ತು ಅಷ್ಟೆ. ಬರತ್ತೆ, ನಿಧಾನಕ್ಕೆ ಬರತ್ತೆ.

ತಾಳು, ದಿಂಬು ಎತ್ತರ ಮಾಡ್ತೀನಿ. ಈ ಹಾಳೆಗಳನ್ನ ತೊಡೆ ಮೇಲಿಟ್ಕೋ. ಕೆಂಪು ಪೆನ್ಸಿಲ್ ಎಡಗೈಗೆ… ಹಾಂ, ಹಾಗೆ. ಮೂವತ್ತು ವರ್ಷ ಪ್ರೆಸ್ಸಲ್ಲಿ ಕೂತು ಊರವರ ಕರಡೆಲ್ಲ ತಿದ್ದಿದೋಳು. ಗಂಡನ ನಾಲ್ಕು ಹಾಳೆಗೆ ಎಡಗೈ ಸಾಕು. ಭಾನುವಾರ ಧ್ಯಾನಮಂದಿರದಲ್ಲಿ ಓದ್ಬೇಕು ಇದನ್ನ. 'ದಿನದ ಬದುಕಿನಲ್ಲಿ ಧ್ಯಾನ.' ನಮ್ಮ ಧ್ಯಾನದ ಮೇಷ್ಟ್ರೇ ಹೇಳಿಕಳಿಸಿದಾರೆ, ಇಷ್ಟು ದೊಡ್ಡ ಪೆಟ್ಟು ತಿಂದೂ ನೀವು ಅಲ್ಲಾಡಲಿಲ್ಲ, ನೀವೇ ಮಾತಾಡಿ ಅಂತ. ಒಲ್ಲೆ ಅನ್ನೋದಕ್ಕೂ ನನಗೆ ಸುಸ್ತು. ಸರಿ ಅಂದ್ಬಿಟ್ಟೆ.

ಓದ್ತೀನಿ, ತಪ್ಪಿದ್ದಲ್ಲಿ ಗುರುತು ಹಾಕು. ಮೊದಲನೇ ಹಾಳೆ ನನ್ನ ಆಫೀಸಿಂದು. ನೀರು ಸರಬರಾಜು ಕಚೇರಿ, ದೂರಿನ ಕಿಟಕಿ, ಹತ್ತೊಂಬತ್ತು ವರ್ಷ. ನಲ್ಲೀಲಿ ನೀರು ಬರದೋರೆಲ್ಲ ಬಂದು ನನ್ನ ನೀರಿಳಿಸೋರು… ನಗ್ತೀಯ? ನಗು. ಇದನ್ನ ಹೇಳಿಕೊಟ್ಟೋಳೇ ನೀನು. ಮನೆಗೆ ಬಂದು ಆ ಸಿಟ್ಟೆಲ್ಲ ನಿನ್ನ ಮೇಲೆ ಸುರೀತಿದ್ದೆ, ಅದನ್ನೂ ಬರೆದಿದೀನಿ. ಆಮೇಲೆ ಮೇಷ್ಟ್ರು ಕಲಿಸಿದ್ದು: ಕೂತಾಗ ಶಬ್ದ ಬಂದ್ರೆ ಅದು ಯಾರದು, ಯಾಕೆ ಅಂತ ಬೆನ್ನು ಹತ್ಬೇಡಿ. 'ಶಬ್ದ, ಶಬ್ದ' ಅಂತ ಮನಸ್ಸಲ್ಲೇ ಗುರುತಿಸಿ, ಬಿಟ್ಟುಬಿಡಿ. ಆರು ತಿಂಗಳಾದ್ಮೇಲೆ ಕಿಟಕಿ ಮುಂದೆ ಯಾರು ಎಷ್ಟು ಕೂಗಿದ್ರೂ ಒಳಗೆ ಕೂತೋನಿಗೆ ತಾಗ್ತಿರ್ಲಿಲ್ಲ. ನಿನಗೂ ಹಾಯಾಗಿತ್ತು. ಇತ್ತಲ್ಲ? ತಲೆಯಾದ್ರೂ ಆಡಿಸು.

ಅಲ್ಲೇನು ಗೆರೆ ಎಳೆದೆ? ಕೊಡು ಇಲ್ಲಿ… ಉಪೇಕ್ಷೆ. ಗೊತ್ತಿತ್ತು ನನಗೆ. ಅದೇ ಹಳೇ ಜಗಳ. ನಿಘಂಟು ನೋಡ್ರೀ, ಉಪೇಕ್ಷೆ ಅಂದ್ರೆ ಅಸಡ್ಡೆ ಅಂತಿದ್ದೆ. ಬುದ್ಧನ ದಾರೀಲಿ ಹಾಗಲ್ಲ ಕಣೆ, ಸುಖಕ್ಕೆ ಜೋತುಬೀಳದೆ, ದುಃಖಾನ ದೂಡದೆ ಸಮನಾಗಿರೋ ಮನಸ್ಸು ಅದು ಅಂತ ನಾನು. ಇರಬಹುದು, ಆದ್ರೆ ಅಡುಗೆಮನೆಯಿಂದ ನೋಡೋಳಿಗೆ ಎರಡೂ ಒಂದೇ ಥರ ಕಾಣತ್ತೆ ಅಂದಿದ್ದೆ ನೀನು. ಎಷ್ಟು ನಕ್ಕಿದ್ವಿ ಆವತ್ತು.

ಇರ್ಲಿ. ಗೆರೆ ಇರ್ಲಿ. ಬೇರೆ ಪದ ಹುಡುಕ್ತೀನಿ.

ನೀರು ಬೇಕಾ? ಬೇಕಾದ್ರೆ ಗಂಟೆ ಬಾರಿಸ್ಬಾರದಾ? ಆಸ್ಪತ್ರೆಯಿಂದ ಬಂದ ದಿನವೇ ಧ್ಯಾನದ ಗಂಟೇನ ನಿನ್ನ ಕೈಗೆ ಸಿಗೋ ಹಾಗೆ ಇಲ್ಲಿಟ್ಟೆ. ಎಳೇ ಮಗು ಕೂಡ ಬಾರಿಸಬಹುದು. ನೀನು ಒಂದು ಸಲವಾದ್ರೂ ಮುಟ್ಟಿದ್ದುಂಟಾ? ಚಮಚ ತಗೊಂಡು ಲೋಟ ಕುಟ್ತೀಯ. ನಾನು ಓಡಿ ಬರ್ತೀನಿ, ಅದು ಬೇರೆ. ಆದ್ರೆ ಗಂಟೆ ಮೇಲೆ ನಿನಗೇನು ಮುನಿಸು?

ಏನು, ಹಾಗ್ಯಾಕೆ ನೋಡ್ತಿದೀಯ?

…ಮೂರನೇ ಹಾಳೆ. 'ಆ ಬೆಳಿಗ್ಗೆ ನಾನು ಧ್ಯಾನಕ್ಕೆ ಕೂತಿದ್ದೆ. ನನ್ನ ಹೆಂಡತಿ ಬಿದ್ದ ಶಬ್ದ ಕೇಳಿ ತಕ್ಷಣ ಎದ್ದು ಬಂದೆ. ಗಾಬರಿಯಾಗಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡುವಾಗ ಕೈ ನಡುಗಲಿಲ್ಲ. ಇದೇ ಧ್ಯಾನದ…' ಯಾಕೆ? ಏನು ತಪ್ಪಿದೆ ಅಲ್ಲಿ? ಕಾಗುಣಿತ ಸರಿಯಾಗೇ ಇದೆಯಲ್ಲ. ಕೊಡು ನೋಡೋಣ.

'ತಕ್ಷಣ' ಹೊಡೆದು ಹಾಕಿದೀಯ.

ಆ ಒಂದೇ ಪದ. ಬಾಲ ಬಿಟ್ಟ ಸೊನ್ನೆ, ತೆಗೆದುಹಾಕು ಅನ್ನೋ ನಿನ್ನ ಗುರುತು. ಕೈ ನಡುಗಿ ಆಗಿದ್ದಲ್ಲ ಇದು, ಎರಡು ಸಲ ತೀಡಿದೀಯ.

ಪ್ರಜ್ಞೆ ಇರ್ಲಿಲ್ಲ ನಿನಗೆ, ಅಲ್ವಾ? ಬಿದ್ದ ಕೂಡಲೇ ತಪ್ಪಿ… ಇಲ್ವಾ? ಎಚ್ಚರ ಇತ್ತಾ? ಅಂದ್ರೆ ಧ್ಯಾನ ಮುಗಿಸಿ ಏಳೋ ಮುಂಚೆ ನಾನು ಬಾರಿಸೋ ಗಂಟೆ ನಿನಗೆ ಕೇಳಿಸಿತ್ತು. ಮೂರು ಸಲ. ಅದಕ್ಕೇ ಮುಟ್ಟಲ್ಲ ಅದನ್ನ. ಅಯ್ಯೋ… ಒಂದೊಂದು ಸಲ ಬಾರಿಸಿದಾಗ್ಲೂ ನಾದ ಪೂರ್ತಿ ಆರೋ ತನಕ ಕಾಯ್ತೀನಲ್ಲ ನಾನು. ಆವತ್ತೂ ಕಾದೆ. ನೀನು ನೆಲದ ಮೇಲೆ ಬಿದ್ಕೊಂಡು ಅದನ್ನ ಕೇಳ್ತಿದ್ದೆ.

ಹೇಳ್ತೀನಿ. ನಿನ್ನ ತಮ್ಮನಿಗೆ ಹೇಳಿಲ್ಲ, ಮೇಷ್ಟ್ರಿಗೂ ಹೇಳಿಲ್ಲ. ಪಾತ್ರೆ ಬಿತ್ತು, ಹಿಂದೇನೇ ನೀನು ಬಿದ್ದೆ. ಕಣ್ಣು ಬಿಟ್ಟೆ, ಎದುರಿಗೆ ಗಡಿಯಾರ. ಆರು ಹದಿನೆಂಟು. ನಾನು ಏಳೋದು ಆರು ನಲವತ್ತಕ್ಕೆ. ಮತ್ತೆ ಕಣ್ಣು ಮುಚ್ಚಿದೆ ಕಣೆ. 'ಶಬ್ದ, ಶಬ್ದ' ಅಂದ್ಕೊಂಡೆ. ಆಮೇಲೆ ನೀನು ಕರೆದೆ. 'ರೀ' ಅಂತ. ಸ್ಪಷ್ಟವಾಗಿ ಇರ್ಲಿಲ್ಲ, ನಾಲಿಗೆ ತೊದಲಿತ್ತು, ಆದ್ರೂ 'ರೀ' ಅಂತಾನೇ. ಅದಕ್ಕೂ ಶಬ್ದ ಅಂದೆ. ಮೂವತ್ತೊಂದು ವರ್ಷದಿಂದ ಕೇಳಿದ್ದು. ನೆಟ್ಟಗೆ ಕೂತೇ ಇದ್ದೆ, ಆಹಾ, ಮನಸ್ಸು ಅಲ್ಲಾಡಲಿಲ್ಲ ಅಂತ ಒಳಗೊಳಗೇ ಹಿಗ್ಗಿದೆ. ಇದನ್ನೇ ಬಿಡುಗಡೆ ಅಂದ್ಕೊಂಡೆ. ಮೇಷ್ಟ್ರದ್ದೇನೂ ತಪ್ಪಿಲ್ಲ. ಅವರು ಶಬ್ದದ ಬೆನ್ನು ಹತ್ಬೇಡ ಅಂದಿದ್ರು, ಮನುಷ್ಯರು ಕರೆದ್ರೆ ಏಳ್ಬೇಡ ಅಂದಿರ್ಲಿಲ್ಲ.

ಇಷ್ಟು ನಿನಗೆ ಗೊತ್ತಿತ್ತು. ಮೂರು ತಿಂಗಳಿಂದ ಗೊತ್ತಿದ್ದೂ ನನ್ನ ಕೈಯಿಂದ ಗಂಜಿ ಕುಡಿದೆ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಇಲ್ಲ, ಪೆನ್ಸಿಲ್ ಕೆಳಗಿಡ್ಬೇಡ, ಕೇಳು.

ಆವತ್ತು ಡಾಕ್ಟರು ನನ್ನ ಹೊರಗೆ ಕರೆದು, ಬಿದ್ದಿದ್ದು ಎಷ್ಟು ಹೊತ್ತಿಗೆ ಅಂತ ಕೇಳಿದ್ರು. ಅವರ ಹತ್ರ ಸುಳ್ಳು ಹೇಳೋಕಾಗ್ಲಿಲ್ಲ, ಆರು ಹದಿನೆಂಟು ಅಂದೆ. ಆಂಬುಲೆನ್ಸ್ ಕರೆದ ಹೊತ್ತನ್ನೂ ನೋಡಿದ್ರು. ಜೀವಕ್ಕೇನೂ ಭಯ ಇಲ್ಲ ಅಂದ್ರು. ಕೈ ಒಂದಿಷ್ಟು ಸುಧಾರಿಸತ್ತೆ ಅಂದ್ರು. ಆ ಇಪ್ಪತ್ತೆರಡು ನಿಮಿಷ ಮುಂಚೆ ಕರ್ಕೊಂಡು ಬಂದಿದ್ರೆ ಮಾತು ಉಳೀತಿತ್ತು, ಈಗ ಬರೋ ಹಾಗಿಲ್ಲ ಅಂದ್ರು.

ಬರತ್ತೆ, ಬರತ್ತೆ ಅಂತ ದಿನಾ ತಾರೀಖು ಹೇಳಿಸ್ತಿದ್ದೋನು ನಾನು.

ಇದು ಈ ಹಾಳೇಲಿ ಇಲ್ಲ. ಎಲ್ಲಿ ಸೇರಿಸ್ಲಿ? ಗುರುತು ಹಾಕು.